ಸಮನ್ವಯ ಶಿಕ್ಷಣದ ಸ್ನಾತಕೋತ್ತರ ಓದು ನಮ್ಮ ತರಗತಿಯಿಂದಲೇ ಆರಂಭವಾಗಲಿ

ಬಿ.ಇಡಿ. ಮುಗಿಸಿ ಸರ್ಕಾರಿ ಶಾಲೆಗಳಲ್ಲಿ ಕೆಲವು ವರ್ಷ ಪಾಠ ಮಾಡಿದ ಶಿಕ್ಷಕರು ಈಚೆಗೆ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ ಬಗೆಯದು: ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಗೆ ನೆರವಾಗುವ ವಿಷಯದಲ್ಲಿ ಮುಂದೆ ಓದಬೇಕೆಂದಿದ್ದೇವೆ, ಯಾವ ಕೋರ್ಸಿಗೆ ಸೇರಬೇಕು, ಎಲ್ಲಿಗೆ ಹೋಗಬೇಕು, ಓದಿ ಬಂದರೆ ನಮ್ಮ ಶಾಲೆಯ ಮಕ್ಕಳಿಗೆ ಅದರಿಂದ ಏನಾದರೂ ದಕ್ಕುತ್ತದೆಯೇ? ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಶಿಕ್ಷಕಿ. ನಡುವೆ ರಜೆ ಪಡೆದು ಎಂ.ಇಡಿ. ಮಾಡಿದೆ, ಅದರಲ್ಲಿ ಸಮನ್ವಯ ಶಿಕ್ಷಣವನ್ನು, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಇತರ ಮಕ್ಕಳೊಂದಿಗೇ ಕಲಿಸುವ ಶಿಕ್ಷಣವನ್ನು, ವಿಶೇಷ ವಿಷಯವಾಗಿ ಆರಿಸಿಕೊಂಡು, ಅದರ ಮೇಲೆಯೇ ಪ್ರಬಂಧ ಬರೆದು ಮತ್ತೆ ಅದೇ ಶಾಲೆಗೆ ಮರಳಿದೆ. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ ನನಗೆ ತಿಳಿದಿರುವುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ದಾರಿಗಳ ವಿಚಾರ. ನಮ್ಮ ದೇಶದಲ್ಲಿ ಶಿಕ್ಷಕರ ಶಿಕ್ಷಣವನ್ನು ಎರಡು ಶಾಸನಬದ್ಧ ಸಂಸ್ಥೆಗಳು ಹಂಚಿಕೊಂಡಿವೆ. ಸಾಮಾನ್ಯ ಬಿ.ಇಡಿ. ಮತ್ತು ಎಂ.ಇಡಿ.ಗಳು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ ವ್ಯಾಪ್ತಿಯಲ್ಲಿವೆ. ವಿಶೇಷ ಶಿಕ್ಷಣದ ಡಿಪ್ಲೊಮಾ, ಬಿ.ಇಡಿ. ಮತ್ತು ಎಂ.ಇಡಿ.ಗಳು 1992ರ ಕಾಯ್ದೆಯಂತೆ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ಮಾನ್ಯತೆ ಪಡೆದಿರಬೇಕು. ಅವುಗಳನ್ನು ಮುಗಿಸಿದವರು ಆ ಪರಿಷತ್ತಿನ ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸಿದ ಮೇಲೆಯೇ ವಿಶೇಷ ಶಿಕ್ಷಕರಾಗಿ ವೃತ್ತಿ ನಡೆಸಬಹುದು. ವಿಶೇಷ ಶಿಕ್ಷಣದ ಎಂ.ಇಡಿ. ಎರಡು ವರ್ಷದ, ನಾಲ್ಕು ಸೆಮಿಸ್ಟರುಗಳ ಕೋರ್ಸು. ಅದಕ್ಕೆ ಸೇರಲು ವಿಶೇಷ ಶಿಕ್ಷಣದ ಬಿ.ಇಡಿ.ಯನ್ನೇ ಕನಿಷ್ಠ ಶೇ 50 ಅಂಕಗಳೊಂದಿಗೆ ಮುಗಿಸಿರಬೇಕು, ಇಲ್ಲವೇ ಸಾಮಾನ್ಯ ಬಿ.ಇಡಿ.ಯ ಜೊತೆಗೆ ಆರ್‌ಸಿಐ ಮಾನ್ಯತೆಯ ವಿಶೇಷ ಶಿಕ್ಷಣ ಡಿಪ್ಲೊಮಾ ಇರಬೇಕು. ಸಾಮಾನ್ಯ ಬಿ.ಇಡಿ. ಮಾತ್ರ ಇರುವ ಶಿಕ್ಷಕರಿಗೆ, ಅವರು ಹದಿನೈದು ವರ್ಷ ಹಳ್ಳಿಯ ಮಕ್ಕಳಿಗೆ ಕಲಿಸಿದ್ದರೂ, ಈ ಬಾಗಿಲು ನೇರವಾಗಿ ತೆರೆಯುವುದಿಲ್ಲ. ವಿಚಾರಿಸದೆ ಅರ್ಜಿ ಹಾಕಿ ನಿರಾಶರಾದವರನ್ನು ನಾನು ಕಂಡಿರುವುದರಿಂದ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಇದಲ್ಲದೆ ಆರ್‌ಸಿಐನ ಕೋರ್ಸುಗಳು ಬಹುಮಟ್ಟಿಗೆ ಒಂದೊಂದು ಬಗೆಯ ವಿಕಲತೆಯನ್ನು ಹಿಡಿದು ರೂಪುಗೊಂಡಿವೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷಕ್ಕೆ ಸಂಬಂಧಿಸಿದ ಬಿ.ಇಡಿ. ಮತ್ತು ಎಂ.ಇಡಿ.ಗಳಿವೆ. 1984ರಲ್ಲಿ ಸಿಕಂದರಾಬಾದಿನಲ್ಲಿ ಸ್ಥಾಪನೆಯಾದ, ಈಗ ಎನ್‌ಐಇಪಿಐಡಿ ಎಂದು ಕರೆಯಲಾಗುವ ರಾಷ್ಟ್ರೀಯ ಸಂಸ್ಥೆಯು ಬೌದ್ಧಿಕ ವಿಕಲತೆಯ ಕ್ಷೇತ್ರದಲ್ಲಿ ಹೆಸರಾದದ್ದು; ರಾಯಚೂರಿನವರಿಗೆ ಮೈಸೂರಿಗಿಂತ ಅದೇ ಹತ್ತಿರ. ಆಳವಾದ ತಜ್ಞತೆ ಬೇಕೆನ್ನುವವರಿಗೆ ಇವು ನಿಜಕ್ಕೂ ಉತ್ತಮ ಸಂಸ್ಥೆಗಳು. ಅಲ್ಲಿ ಕಲಿತವರ ಕೆಲಸವನ್ನು ನೋಡಿ ನಾನೂ ಕಲಿತಿದ್ದೇನೆ. ಆದರೆ ನಮ್ಮ ಕಡೆಯ ಶಾಲೆಯ ಸ್ಥಿತಿ ಬೇರೆ. ಒಂದೇ ಕೋಣೆಯಲ್ಲಿ ದೃಷ್ಟಿ ಮಂದವಾಗಿರುವ ಹುಡುಗಿ, ಕಿವಿ ಸರಿಯಾಗಿ ಕೇಳಿಸದ ಹುಡುಗ, ಐದನೆಯ ತರಗತಿಗೆ ಬಂದರೂ ಕಾಗುಣಿತ ಕೂಡಿಸಲು ಬಾರದ ಮಗು, ಮಾತು ತಡವಾಗಿ ಬಂದ ಮತ್ತೊಂದು ಮಗು ಎಲ್ಲರೂ ಒಟ್ಟಿಗೆ ಕುಳಿತಿರುತ್ತಾರೆ, ಅವರ ಮುಂದೆ ಇರುವುದು ಒಬ್ಬ ಸಾಮಾನ್ಯ ಶಿಕ್ಷಕಿ. ಆಕೆಗೆ ಬೇಕಾದದ್ದು ಈ ಎಲ್ಲ ಮಕ್ಕಳ ಕಲಿಕೆಯನ್ನು ಒಟ್ಟಾಗಿ ನೋಡುವ, ಯಾರಿಗೆ ಎಲ್ಲಿ ತೊಡಕಾಗಿದೆ ಎಂದು ಗುರುತಿಸಿ ಪಾಠವನ್ನು ಬದಲಿಸಿಕೊಳ್ಳುವ, ತನ್ನಿಂದಾಗದ್ದನ್ನು ಸರಿಯಾದ ತಜ್ಞರ ಬಳಿಗೆ ಒಯ್ಯುವ ವಿದ್ಯೆ. ಅಂಥ ವಿದ್ಯೆಯನ್ನು ಸ್ನಾತಕೋತ್ತರ ಮಟ್ಟದಲ್ಲಿ, ಕೆಲಸದಲ್ಲಿರುವಾಗಲೇ, ಕನ್ನಡದಲ್ಲಿ ಕಲಿಸುವ ಕೋರ್ಸು ಕೊಪ್ಪಳ, ರಾಯಚೂರು, ಬಳ್ಳಾರಿಗಳಲ್ಲಿ ಬೇಕು ಎಂಬುದೇ ನನ್ನ ಮುಖ್ಯ ಮಾತು. ಅದು ಏಕೆ ಬೇಕು ಎಂಬುದಕ್ಕೆ ಕಾನೂನಿನಲ್ಲಿಯೂ ಕಾರಣಗಳಿವೆ, ತರಗತಿಯಲ್ಲಿ ಅದಕ್ಕಿಂತ ಹೆಚ್ಚಿನ ಕಾರಣಗಳಿವೆ.

ಕಾನೂನಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. 1995ರ ಕಾಯ್ದೆ ಏಳು ಬಗೆಯ ವಿಕಲತೆಗಳನ್ನು ಮಾತ್ರ ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅವುಗಳನ್ನು 21ಕ್ಕೆ ಏರಿಸಿತು ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ ಮುಂತಾದವು ಆಗ ಪಟ್ಟಿಗೆ ಸೇರಿದವು. ಅಂದರೆ ಬುದ್ಧಿ ಚುರುಕಾಗಿದ್ದೂ ಓದು ಬರಹ ಮಾತ್ರ ಕೈಗೆ ಹತ್ತದ ಮಗುವಿಗೆ ಅದಕ್ಕೆ ಮೊದಲು ಕಾನೂನಿನ ಕಣ್ಣಿನಲ್ಲಿ ಸ್ಥಾನವೇ ಇರಲಿಲ್ಲ. ಇದೇ ಕಾಯ್ದೆಯ 16ನೆಯ ಸೆಕ್ಷನ್ ವಿಕಲಚೇತನ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು ಇತರ ಮಕ್ಕಳೊಂದಿಗೆ ಕಲಿಸುವ ಹೊಣೆಯನ್ನು ಶಾಲೆಗಳ ಮೇಲೆ ಇಡುತ್ತದೆ. 17ನೆಯ ಸೆಕ್ಷನ್ ಶಿಕ್ಷಕರನ್ನು ತರಬೇತುಗೊಳಿಸುವ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕರು, ಎರಡನೆಯ ಮತ್ತು ಮೂರನೆಯ ಭಾಷೆಯ ವಿನಾಯಿತಿ ಮುಂತಾದ ಅನುಕೂಲ ಮಾಡಿಕೊಡುವ ಕರ್ತವ್ಯವನ್ನು ಸರ್ಕಾರಕ್ಕೆ ವಿಧಿಸುತ್ತದೆ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ನೀಡಿದ ತೀರ್ಪು, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು; ಸಾಮಾನ್ಯ ಶಾಲೆಗಳ ಉಳಿದ ಶಿಕ್ಷಕರಿಗೂ ಈ ಬಗ್ಗೆ ಕಡ್ಡಾಯ ತರಬೇತಿ ಸಿಗಬೇಕೆಂದಿತು.

ನಮ್ಮಲ್ಲಿ ‘ಸಮಗ್ರ ಶಿಕ್ಷಣ’ ಎಂಬ ಸರ್ಕಾರಿ ಯೋಜನೆಯ ಅಡಿಯಲ್ಲಿ ತಾಲ್ಲೂಕು ಮಟ್ಟದಲ್ಲಿ ಬಿ.ಐ.ಇ.ಆರ್.ಟಿ.ಗಳಿದ್ದಾರೆ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಅವರು ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅವರ ಬಗ್ಗೆ ಗೌರವ ಮೂಡದೆ ಇರದು. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಗೃಹಾಧಾರಿತ ಶಿಕ್ಷಣ ಕೊಡುವುದು, ವೈದ್ಯಕೀಯ ತಪಾಸಣಾ ಶಿಬಿರಕ್ಕೆ ಮಕ್ಕಳನ್ನು ಕರೆತರುವುದು, ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಪಾಲಕರ ಕಾಗದಪತ್ರ ಸರಿಪಡಿಸುವುದು, ಸಾಧನ ಸಲಕರಣೆ ಹಂಚುವುದು, ಇವೆಲ್ಲವೂ ಅವರ ಪಾಲಿಗೆ ಬರುತ್ತವೆ. ಒಂದು ತಾಲ್ಲೂಕಿನಲ್ಲಿ ಇಂಥವರು ಕೆಲವೇ ಮಂದಿ, ಶಾಲೆಗಳು ನೂರಾರು. ಅವರು ತಿಂಗಳಲ್ಲಿ ಒಮ್ಮೆ ಬಂದು ಹೋದ ಬಳಿಕ ಉಳಿದ ದಿನಗಳಲ್ಲಿ ಆ ಮಗುವಿನೊಂದಿಗೆ ಇರುವವರು ನಾವು. ಆದ್ದರಿಂದ ವಿಶೇಷ ಶಿಕ್ಷಕರ ಹುದ್ದೆಗಳು ಭರ್ತಿಯಾಗಲೇಬೇಕೆಂದು ಒತ್ತಾಯಿಸುವಾಗಲೇ, ಪ್ರತಿ ಶಾಲೆಯಲ್ಲಿ ಅಥವಾ ಹತ್ತಿರದ ಕೆಲವು ಶಾಲೆಗಳು ಸೇರಿದ ಪ್ರತಿ ಕ್ಲಸ್ಟರಿನಲ್ಲಿ ಕಲಿಕಾ ನೆರವಿನ ಬಗ್ಗೆ ಆಳವಾಗಿ ಓದಿದ ಒಬ್ಬ ಸಾಮಾನ್ಯ ಶಿಕ್ಷಕರಾದರೂ ಇರಬೇಕು ಎಂದು ನಾನು ಹೇಳುತ್ತೇನೆ.

ಇದಕ್ಕೆ ಐದು ದಿನದ ತರಬೇತಿ ಸಾಲದೇ, ಸ್ನಾತಕೋತ್ತರ ಓದೇ ಏಕೆ ಎಂದು ಹಲವರು ಕೇಳುತ್ತಾರೆ. ತರಬೇತಿಯಲ್ಲಿ ನಮಗೆ ವಿಕಲತೆಗಳ ಪಟ್ಟಿ, ಲಕ್ಷಣಗಳು, ಕೆಲವು ಚಟುವಟಿಕೆಗಳು ಸಿಗುತ್ತವೆ. ಬಿ.ಇಡಿ.ಯಲ್ಲಿಯೂ ಎನ್‌ಸಿಟಿಇಯ 2014ರ ನಿಯಮಾವಳಿಯ ನಂತರ ಸಮನ್ವಯ ಶಾಲೆಯನ್ನು ಕಟ್ಟುವ ಕುರಿತು ಅರ್ಧ ಪತ್ರಿಕೆಯಷ್ಟು ಪಾಠವಿದೆ. ಆದರೆ ಲಕ್ಷಣಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ತರಗತಿಗೆ ಹೋದವರಿಗೆ ಓದಲು ಬಾರದ ಪ್ರತಿ ಮಗುವೂ ಕಲಿಕಾ ನ್ಯೂನತೆಯ ಮಗುವಾಗಿಯೇ ಕಾಣುತ್ತದೆ, ಇಲ್ಲವೇ ಯಾವ ಮಗುವೂ ಹಾಗೆ ಕಾಣುವುದಿಲ್ಲ. ಒಂದೇ ಹೊರರೂಪದ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ ಎಂಬುದನ್ನು ತಾಳ್ಮೆಯಿಂದ ಬಿಡಿಸಿ ನೋಡುವ ಅಭ್ಯಾಸ ಬರುವುದು ದೀರ್ಘಕಾಲ ಒಂದೇ ಪ್ರಶ್ನೆಯನ್ನು ಹಿಡಿದು ಓದಿ, ಬರೆದು, ಮಾರ್ಗದರ್ಶಕರೊಂದಿಗೆ ಚರ್ಚಿಸಿದಾಗ ಮಾತ್ರ. ನನ್ನ ಪ್ರಬಂಧದ ಅನುಭವದಿಂದಲೇ ಇದನ್ನು ವಿವರಿಸುವುದು ಒಳ್ಳೆಯದು.

ನಾಲ್ಕು ಮತ್ತು ಐದನೆಯ ತರಗತಿಗಳಲ್ಲಿ ಓದಿನಲ್ಲಿ ಹಿಂದುಳಿದ ಮಕ್ಕಳ ತಪ್ಪುಗಳನ್ನು ನಾನು ಅಧ್ಯಯನಕ್ಕೆ ಎತ್ತಿಕೊಂಡೆ. ಪ್ರತಿ ಮಗುವಿಗೂ ಅವೇ ಚಿಕ್ಕ ಗದ್ಯಭಾಗಗಳನ್ನು ಕೊಟ್ಟು ಗಟ್ಟಿಯಾಗಿ ಓದಿಸಿ, ಉಕ್ತಲೇಖನ ಬರೆಸಿ, ತಪ್ಪುಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡೆ. ಹಾಗೆ ನೋಡಿದಾಗ, ಶಾಲೆಯಲ್ಲಿ ನಾವು ಒಟ್ಟಾಗಿ 'ತಪ್ಪು' ಎಂದು ಕೆಂಪು ಶಾಯಿಯಲ್ಲಿ ಸುತ್ತುವ ವಿಷಯದೊಳಗೆ ಎಷ್ಟು ಬಗೆಗಳಿವೆ ಎಂಬುದು ಕಾಣತೊಡಗಿತು. ಮನೆ ಎಂದು ಬರೆಯಬೇಕಾದಲ್ಲಿ ಮನಿ, ಶಾಲೆಯ ಬದಲು ಸಾಲಿ, ತಲೆಯ ಬದಲು ತಲಿ ಎಂದು ಬರೆದ ಮಗು ತಾನು ಆಡುವ ಮಾತನ್ನು ಕಿವಿಗೊಟ್ಟು ಕೇಳಿ, ಧ್ವನಿಗೆ ಸರಿಯಾದ ಅಕ್ಷರವನ್ನೇ ಆರಿಸಿದೆ. ಅದರ ಧ್ವನಿಪ್ರಜ್ಞೆ ಚೆನ್ನಾಗಿಯೇ ಇದೆ, ಅದಕ್ಕೆ ಬೇಕಾದದ್ದು ಗ್ರಂಥಭಾಷೆಯ ಪರಿಚಯ. ಮ ಮತ್ತು ವ, ಪ ಮತ್ತು ಷ, ದ, ಥ ಮತ್ತು ಧ ಇವುಗಳಲ್ಲಿ ಒಂದನ್ನು ಇನ್ನೊಂದೆಂದು ಓದುವ ಮಗುವಿನ ತೊಡಕು ಆಕಾರದ್ದು. ಬಿಡಿ ಅಕ್ಷರಗಳನ್ನೆಲ್ಲ ಸರಿಯಾಗಿ ಹೇಳಿ ಒತ್ತಕ್ಷರ ಬಂದಲ್ಲಿ ನಿಂತುಬಿಡುವ ಮಗುವಿಗೆ ಕಲಿಕೆಯ ಒಂದು ಮೆಟ್ಟಿಲು ತಪ್ಪಿದೆ, ಮೂರನೆಯ ತರಗತಿಯಲ್ಲಿ ಅದು ಬಹುಕಾಲ ಗೈರುಹಾಜರಾಗಿದ್ದಿರಬಹುದು. ಮೊದಲ ಅಕ್ಷರವನ್ನಷ್ಟೇ ನೋಡಿ ಉಳಿದ ಪದವನ್ನು ಊಹಿಸಿ ಹೇಳುವ ಮಗು ಮತ್ತೊಂದು ಬಗೆಯದು. ಇವೆಲ್ಲವನ್ನೂ ತಿಂಗಳುಗಟ್ಟಲೆ ಕಲಿಸಿದ ಮೇಲೂ, ನಿನ್ನೆ ಗುರುತಿಸಿದ ಅಕ್ಷರವನ್ನು ಇಂದು ಹೊಸದೆಂಬಂತೆ ನೋಡುವ, ಕಥೆಯನ್ನು ಕೇಳಿಸಿಕೊಂಡಾಗ ಮಾತ್ರ ಎಲ್ಲರಿಗಿಂತ ಚೆನ್ನಾಗಿ ಅರ್ಥ ಹೇಳುವ ಮಗು ಉಳಿಯುತ್ತದೆ. ಕಲಿಕಾ ನ್ಯೂನತೆಯ ಸಂಶಯ ಪಡಬೇಕಾದದ್ದು ಆ ಮಗುವಿನ ವಿಷಯದಲ್ಲಿ.

ಕನ್ನಡದ ಲಿಪಿಯ ಸ್ವಭಾವವೇ ಇಲ್ಲಿ ಮುಖ್ಯವಾಗುತ್ತದೆ. 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿದರೆ ಕಾಗುಣಿತವೊಂದರಲ್ಲಿಯೇ 442 ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರಗಳು. ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಆರಂಭಿಕ ಓದನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಈ ಜ್ಞಾನ ಪೂರ್ತಿಯಾಗಿ ಕೈಗೂಡಲು ಇಂಗ್ಲಿಷಿನಂಥ ಕಡಿಮೆ ಅಕ್ಷರಗಳ ಲಿಪಿಗಿಂತ ಹೆಚ್ಚು ವರ್ಷ ಬೇಕೆಂದೂ ಅದು ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆಂದೂ ತೋರಿಸಿತು. ಇದನ್ನು ಓದಿದ ಮೇಲೆ ನನಗೆ ಎರಡನೆಯ ತರಗತಿಯ ಮಗುವಿನ ಬಗ್ಗೆ ಅವಸರದ ಮಾತು ಆಡುವ ಧೈರ್ಯ ಬರಲಿಲ್ಲ. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಸಂಬಂಧಿಸಿದ 2018ರ ಮಾರ್ಗಸೂಚಿಯೂ 8 ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಪ್ರಮಾಣೀಕರಣ ಮಾಡಬೇಕೆಂದು ಹೇಳಿ, ಮೂರನೆಯ ತರಗತಿಯ ಹೊತ್ತಿಗೆ ಮೊದಲ ತಪಾಸಣೆಯನ್ನು ಶಿಕ್ಷಕರೇ ಮಾಡಬೇಕೆಂದು ಹೊಣೆ ಹೊರಿಸಿತು. ಹೊಣೆ ನಮ್ಮದಾದ ಮೇಲೆ ಅದಕ್ಕೆ ತಕ್ಕ ವಿದ್ಯೆಯೂ ನಮ್ಮದಾಗಬೇಕು.

ಓದಿನ ತೊಡಕಿಗೆ ಶಾಲೆಯ ಹೊರಗಿನ ಕಾರಣಗಳು ನಮ್ಮ ಜಿಲ್ಲೆಗಳಲ್ಲಿ ಹೇರಳವಾಗಿವೆ. ಮಳೆ ಕೈಕೊಟ್ಟ ವರ್ಷ ಇಡೀ ಕುಟುಂಬಗಳು ಬೆಂಗಳೂರು, ಗೋವಾ, ಮಂಗಳೂರುಗಳಿಗೆ ಗುಳೆ ಹೋಗುತ್ತವೆ. ಮಕ್ಕಳು ಯುಗಾದಿಯ ಹೊತ್ತಿಗೆ ಮರಳಿದಾಗ ಕಲಿತ ಅಕ್ಷರಗಳಲ್ಲಿ ಅರ್ಧ ಹೋಗಿರುತ್ತವೆ. ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ, ರಾಯಚೂರು ಮತ್ತು ಬಳ್ಳಾರಿಯ ಗಡಿಯ ಊರುಗಳಲ್ಲಿ ತೆಲುಗು, ಪಟ್ಟಣದ ಓಣಿಗಳಲ್ಲಿ ಉರ್ದು. ಕನ್ನಡದಲ್ಲಿ ಬಾಯಿ ಬಿಡದ ಒಂದು ಲಂಬಾಣಿ ಮಗುವಿನ ಬಗ್ಗೆ ಮಾತು ತಡವಾದ ಮಗು ಎಂಬ ಅಭಿಪ್ರಾಯ ಶಾಲೆಯಲ್ಲಿ ಬೆಳೆದಿತ್ತು. ಅದೇ ತಾಂಡಾದ ಏಳನೆಯ ತರಗತಿಯ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿ ಅವರ ಭಾಷೆಯಲ್ಲೇ ಚಿತ್ರಕಥೆ ಹೇಳಿಸಿದಾಗ ಆ ಮಗು ತಡೆಯಿಲ್ಲದೆ ಮಾತನಾಡಿತು. ಯಾವುದೇ ತಪಾಸಣೆಯ ಮೊದಲು ಮನೆಮಾತಿನಲ್ಲಿ ಮಗುವಿನ ಸಾಮರ್ಥ್ಯ ನೋಡಬೇಕು ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ನನಗೆ ಅದರ ಬೆಲೆ ಗೊತ್ತಾದದ್ದು ಆಗ.

ಕಿವಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದು ಬಹಳ ಸಾಮಾನ್ಯ ಮತ್ತು ಬಹಳ ಬೇಗ ಕಣ್ಣಿಗೆ ತಪ್ಪಿಹೋಗುತ್ತದೆ. ಒಬ್ಬ ಹುಡುಗನ ತಾಯಿ ನನಗೆ ಹೇಳಿದ್ದರು: "ಅಕ್ಕೋರ, ನಮ್ಮ ಹುಡುಗಗ ಸಾಲಿ ತಲಿಗೆ ಹತ್ತವಲ್ದು, ಹೊಲಕ್ಕರ ಕಳಸ್ತೀನಿ ಬಿಡ್ರಿ." ಆ ಹುಡುಗನಿಗೆ ಚಿಕ್ಕಂದಿನಿಂದ ಕಿವಿ ಸೋರುತ್ತಿತ್ತು. ಮಧ್ಯಕಿವಿಯ ಸೋಂಕು ಬಹುಕಾಲ ಉಳಿದರೆ ಧ್ವನಿ ಒಳಕಿವಿಗೆ ತಲುಪುವುದು ಕುಗ್ಗುತ್ತದೆ. ಮಗುವಿಗೆ ಮಾತು ಕೇಳಿಸುತ್ತದೆ, ಆದರೆ ಸ ಮತ್ತು ತ ಮುಂತಾದ ಮೆಲುಧ್ವನಿಗಳು ಮಸುಕಾಗುತ್ತವೆ. ನೆಗಡಿ ಬಂದ ವಾರ ಹೆಚ್ಚು ಮಸುಕು, ಉಳಿದ ವಾರ ಕಡಿಮೆ. ಆದ್ದರಿಂದಲೇ ಶಿಕ್ಷಕರಿಗೆ ಆ ಮಗು ಕೆಲವು ದಿನ ಜಾಣನಾಗಿಯೂ ಕೆಲವು ದಿನ ಗಮನವಿಲ್ಲದವನಾಗಿಯೂ ಕಾಣುತ್ತದೆ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ನಾನು ಬರೆದಿಟ್ಟ ಟಿಪ್ಪಣಿ ತೋರಿಸಿದೆ. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದ ಅಡಿಯಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆದು ಜಿಲ್ಲಾ ಮಟ್ಟದ ಚಿಕಿತ್ಸೆಗೆ ಕಳುಹಿಸುವ ವ್ಯವಸ್ಥೆಯಿದೆ. ಚಿಕಿತ್ಸೆ ದೊರೆಯಿತು. ಅದು ನಡೆಯುತ್ತಿರುವಾಗಲೇ ಅವನನ್ನು ಗೋಡೆಯ ಬಳಿಯಿಂದ ಎಬ್ಬಿಸಿ, ಚೆನ್ನಾಗಿ ಕೇಳಿಸುವ ಕಿವಿ ನನ್ನ ಕಡೆಗೆ ಬರುವಂತೆ ಮುಂದೆ ಕೂರಿಸಿದೆ, ಹಲಗೆಯ ಕಡೆ ಮುಖ ಮಾಡಿ ಮಾತನಾಡುವ ರೂಢಿಯನ್ನು ಬಿಟ್ಟೆ. ಅವನು ಈಗ ಪ್ರೌಢಶಾಲೆಯಲ್ಲಿದ್ದಾನೆ. ಇದರಲ್ಲಿ ದೊಡ್ಡ ತಂತ್ರವೇನೂ ಇಲ್ಲ, ಆದರೆ ಎಲ್ಲಿ ನೋಡಬೇಕು ಎಂಬುದು ನನಗೆ ಓದಿನಿಂದ ಬಂತು.

ಎಂ.ಇಡಿ.ಯ ತರಗತಿಗಳಲ್ಲಿ ಕಲಿಕೆಯ ಸಾರ್ವತ್ರಿಕ ವಿನ್ಯಾಸ ಎಂಬ ಚೌಕಟ್ಟನ್ನು ಓದುತ್ತೇವೆ. ಮಕ್ಕಳನ್ನು ತೊಡಗಿಸಲು ಹಲವು ದಾರಿ, ವಿಷಯವನ್ನು ಮುಂದಿಡಲು ಹಲವು ದಾರಿ, ಕಲಿತದ್ದನ್ನು ಅವರು ತೋರಿಸಲು ಹಲವು ದಾರಿ ಇರಬೇಕೆಂಬುದು ಅದರ ಮೂರು ತತ್ವಗಳು. ಅಮೆರಿಕದ ತರಗತಿಗಳ ಉದಾಹರಣೆಗಳೊಂದಿಗೆ ಅದನ್ನು ಓದುತ್ತ ಕುಳಿತಾಗ ನನಗೆ ನಮ್ಮ ನಲಿ-ಕಲಿಯೇ ನೆನಪಿಗೆ ಬರುತ್ತಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರ ಪ್ರಯೋಗವಾಗಿ ಆರಂಭವಾದ ಈ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯನ್ನು ಏರುತ್ತದೆ. ರಜೆ ಮುಗಿಸಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ‘ತಟ್ಟೆ’ ಎಂದು ಕರೆಯುವ ಐದು ಕೂರುವ ಜಾಗಗಳಲ್ಲಿ ಶಿಕ್ಷಕರ ಪೂರ್ಣ ನೆರವು ಬೇಕಾದವರು, ಭಾಗಶಃ ನೆರವು ಸಾಕಾದವರು, ಗೆಳೆಯರ ಪೂರ್ಣ ನೆರವಿನಿಂದ ಕಲಿಯುವವರು, ಗೆಳೆಯರ ಭಾಗಶಃ ನೆರವಿನಿಂದ ಕಲಿಯುವವರು, ತಾವೇ ಕಲಿಯುವವರು ಎಂದು ಗುಂಪುಗಳಾಗುತ್ತವೆ. ಕಲಿಕಾ ನೆರವಿನ ಹಂತಗಳನ್ನು ಇಷ್ಟು ಸ್ಪಷ್ಟವಾಗಿ ತರಗತಿಯ ನೆಲದ ಮೇಲೆ ಇಟ್ಟ ವ್ಯವಸ್ಥೆ ನಮ್ಮದೇ ಸರ್ಕಾರಿ ಶಾಲೆಗಳಲ್ಲಿದೆ. ಆದರೆ ಅದು ಮೂರನೆಯ ತರಗತಿಗೆ ನಿಲ್ಲುತ್ತದೆ. ನಾಲ್ಕನೆಯ ತರಗತಿಯಲ್ಲಿ ಎಲ್ಲರಿಗೂ ಒಂದೇ ಪಾಠ, ಒಂದೇ ದಿನ, ಒಂದೇ ಪರೀಕ್ಷೆ. ಏಣಿಯ ಮಧ್ಯದಲ್ಲಿದ್ದ ಮಗು ಅಲ್ಲಿಯೇ ಉಳಿಯುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ವಿದ್ಯಾರ್ಥಿಗಳು, ಐದನೆಯ ಮತ್ತು ಆರನೆಯ ತರಗತಿಯ ಗಣಿತ, ಪರಿಸರ ಅಧ್ಯಯನಗಳಲ್ಲಿ ಐದು ತಟ್ಟೆಗಳ ತತ್ವವನ್ನು ಮುಂದುವರಿಸುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹಲವು ವರ್ಷ ಕೆಲಸ ಮಾಡಿದರೂ ಅದು ಮುಗಿಯದಷ್ಟು ದೊಡ್ಡ ವಿಷಯ.

ಬೇರೆ ದೇಶಗಳಲ್ಲಿ ಸಾಮಾನ್ಯ ಶಿಕ್ಷಕರನ್ನೇ ಈ ಕೆಲಸಕ್ಕೆ ತಯಾರು ಮಾಡುವ ಪದ್ಧತಿ ಇದೆ. ಇಂಗ್ಲೆಂಡಿನಲ್ಲಿ ಪ್ರತಿ ಸಾಮಾನ್ಯ ಶಾಲೆಗೂ ವಿಶೇಷ ಅಗತ್ಯಗಳ ಸಂಯೋಜಕ ಶಿಕ್ಷಕರೊಬ್ಬರು ಇರಲೇಬೇಕು. 2009ರಿಂದ ಅಲ್ಲಿ ಹೊಸದಾಗಿ ಆ ಹೊಣೆ ಹೊತ್ತವರು ಮೂರು ವರ್ಷದೊಳಗೆ ಸ್ನಾತಕೋತ್ತರ ಮಟ್ಟದ ಒಂದು ಅರ್ಹತೆಯನ್ನು ಪಡೆಯಬೇಕಿತ್ತು. ಹುದ್ದೆಯಲ್ಲಿದ್ದುಕೊಂಡೇ, ತಮ್ಮ ಶಾಲೆಯ ಮಕ್ಕಳನ್ನೇ ಅಧ್ಯಯನದ ವಿಷಯವಾಗಿಟ್ಟುಕೊಂಡು ಅದನ್ನು ಮುಗಿಸುತ್ತಿದ್ದರು. 2024ರ ಸೆಪ್ಟೆಂಬರಿನಿಂದ ಅದರ ಜಾಗದಲ್ಲಿ ಬೇರೊಂದು ವೃತ್ತಿಪರ ಅರ್ಹತೆ ಬಂದಿದೆ, ಅದಕ್ಕೆ ಸ್ನಾತಕೋತ್ತರ ಕ್ರೆಡಿಟ್ಟುಗಳಿಲ್ಲ. ಅಲ್ಲಿನ ಹಳೆಯ ವ್ಯವಸ್ಥೆಯೇ ಉತ್ತಮವಾಗಿತ್ತೆಂದು ನನ್ನ ಅಭಿಪ್ರಾಯ, ಏಕೆಂದರೆ ಸಂಶೋಧನೆಯ ಶಿಸ್ತು ಇಲ್ಲದೆ ಕಲಿತ ವಿಧಾನಗಳು ಬೇಗ ಯಾಂತ್ರಿಕವಾಗುತ್ತವೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸೇವೆಯಲ್ಲಿರುವ ಸಾಮಾನ್ಯ ಶಿಕ್ಷಕರಿಗೆ ವಿಶೇಷ ಶಿಕ್ಷಣದಲ್ಲಿ ಎರಡನೆಯ ತಜ್ಞತೆ ಕೊಡುವ ಅಲ್ಪಾವಧಿಯ ಅಥವಾ ಮಿಶ್ರ ಮಾದರಿಯ ಕೋರ್ಸುಗಳು ವಿಶ್ವವಿದ್ಯಾಲಯಗಳಲ್ಲಿ ಬರಬೇಕೆಂದೂ, ಎನ್‌ಸಿಟಿಇ ಮತ್ತು ಆರ್‌ಸಿಐ ಪಠ್ಯಕ್ರಮಗಳ ನಡುವೆ ಹೊಂದಾಣಿಕೆ ಬೇಕೆಂದೂ ಹೇಳಿದೆ. ಆದ್ದರಿಂದ ನಾವು ಕೇಳುತ್ತಿರುವುದು ನೀತಿಯಲ್ಲಿ ಈಗಾಗಲೇ ಬರೆದಿರುವ ವಿಷಯವನ್ನೇ.

ಭಾಷೆಯ ಪ್ರಶ್ನೆ ಅಷ್ಟೇ ಮುಖ್ಯ. ಈ ಕ್ಷೇತ್ರದ ಪುಸ್ತಕಗಳು, ಪರೀಕ್ಷಣಗಳು, ಪ್ರಬಂಧಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿ ಶಿಕ್ಷಕರಾದವರು ಎರಡು ವರ್ಷ ಇಂಗ್ಲಿಷಿನ ವಾಕ್ಯಗಳೊಂದಿಗೆ ಗುದ್ದಾಡುವುದರಲ್ಲೇ ದಣಿದುಬಿಡುತ್ತಾರೆ, ವಿಷಯದ ಆಳಕ್ಕೆ ಇಳಿಯಲು ಅವರಿಗೆ ಶಕ್ತಿ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟವೊಂದಿದೆ: ಇಂಗ್ಲಿಷಿನ ಡಿಸ್ಲೆಕ್ಸಿಯಾ, ಅಂದರೆ ಓದಿನ ನ್ಯೂನತೆ, ಕುರಿತ ತಿಳಿವಳಿಕೆಯನ್ನು ಹಾಗೆಯೇ ತಂದು ಕನ್ನಡ ಓದುವ ಮಗುವಿನ ಮೇಲೆ ಹೊದಿಸಿದಾಗ ಕಾಗುಣಿತದ ತೊಡಕು, ಒತ್ತಕ್ಷರದ ತೊಡಕು, ಆಡುಮಾತಿನ ಪ್ರಭಾವ ಇವೆಲ್ಲ ಕಾಣದೆ ಹೋಗುತ್ತವೆ. ಕೊಪ್ಪಳ ಸೀಮೆಯ ಮಗು ಹೇಗೆ ಓದುತ್ತದೆ, ಎಲ್ಲಿ ತಡವರಿಸುತ್ತದೆ ಎಂಬ ಜ್ಞಾನವನ್ನು ಇಲ್ಲಿಯ ಶಿಕ್ಷಕರೇ ಕನ್ನಡದಲ್ಲಿ ಬರೆಯಬೇಕು. ಪ್ರತಿ ವರ್ಷ ಎಂ.ಇಡಿ. ವಿದ್ಯಾರ್ಥಿಗಳು ಬರೆಯುವ ಪ್ರಬಂಧಗಳಲ್ಲಿ ಕೆಲವಾದರೂ ಶಿಕ್ಷಕರ ಮನೋಭಾವದ ಪ್ರಶ್ನಾವಳಿ ಹಂಚಿ ಅಂಕಿ ಕೂಡಿಸುವುದನ್ನು ಬಿಟ್ಟು, ಒಂದೋ ಎರಡೋ ಮಕ್ಕಳನ್ನು ಇಡೀ ವರ್ಷ ಹಿಂಬಾಲಿಸಿ ಬರೆದರೆ ನಮಗೆ ನಿಜವಾದ ಆಕರಗಳು ದೊರೆಯುತ್ತವೆ.

ಓದಲು ಹೊರಟವರಿಗೆ ನನ್ನ ಸಲಹೆ ಹೀಗಿದೆ. ವಿಶೇಷ ಶಿಕ್ಷಕರಾಗಿಯೇ ಕೆಲಸ ಮಾಡುವ ಇಚ್ಛೆಯಿದ್ದರೆ ಆರ್‌ಸಿಐ ಮಾನ್ಯತೆಯ ಡಿಪ್ಲೊಮಾ ಅಥವಾ ಬಿ.ಇಡಿ.ಯಿಂದ ಆರಂಭಿಸಿ, ಸೇರುವ ಮುನ್ನ ಆ ಸಂಸ್ಥೆಯ ಮತ್ತು ಆ ವರ್ಷದ ಮಾನ್ಯತೆಯನ್ನು ಪರಿಷತ್ತಿನ ಪಟ್ಟಿಯಲ್ಲಿ ಕಡ್ಡಾಯವಾಗಿ ನೋಡಿಕೊಳ್ಳಿ. ಮಾನ್ಯತೆಯಿಲ್ಲದ ಪದವಿಗೆ ನೋಂದಣಿ ಸಿಗುವುದಿಲ್ಲ. ತರಗತಿಯ ಶಿಕ್ಷಕರಾಗಿಯೇ ಉಳಿದು ಕಲಿಕಾ ನೆರವನ್ನು ಬಲಪಡಿಸುವ ಇಚ್ಛೆಯಿದ್ದರೆ ಸಾಮಾನ್ಯ ಎಂ.ಇಡಿ.ಯಲ್ಲಿ ಸಮನ್ವಯ ಶಿಕ್ಷಣವನ್ನು ವಿಶೇಷ ವಿಷಯವಾಗಿ ಕೊಡುವ ಕಾಲೇಜನ್ನು ಹುಡುಕಿ, ಪ್ರಬಂಧಕ್ಕೆ ನಿಮ್ಮ ಶಾಲೆಯ ಮಕ್ಕಳನ್ನೇ ಆರಿಸಿಕೊಳ್ಳಿ. ಪಾಲಕರ ಒಪ್ಪಿಗೆ ಪಡೆಯಿರಿ, ಮಗುವಿನ ಹೆಸರನ್ನು ಎಲ್ಲಿಯೂ ಬರೆಯಬೇಡಿ. ಸೇರುವುದಕ್ಕೆ ಒಂದು ವರ್ಷ ಮೊದಲಿನಿಂದಲೇ ನೋಟ್‌ಬುಕ್ಕೊಂದರಲ್ಲಿ ಮಕ್ಕಳ ಓದು ಬರಹದ ಮಾದರಿಗಳನ್ನು ದಿನಾಂಕದೊಂದಿಗೆ ಕೂಡಿಡಿ. ಎನ್‌ಸಿಇಆರ್‌ಟಿ 2022ರಲ್ಲಿ ಬಿಡುಗಡೆ ಮಾಡಿದ ಪ್ರಶಸ್ತ್ ಆ್ಯಪ್‌ನಲ್ಲಿ ಶಾಲೆಗಳಿಗಾಗಿ ವಿಕಲತೆಯ ತಪಾಸಣಾ ಪಟ್ಟಿ ಇದೆ. ಅದನ್ನು ಬಳಸಿ, ಆದರೆ ಅದು ಮೊದಲ ಗುರುತಿಗೆ ಮಾತ್ರ ಎಂಬುದನ್ನು ಮರೆಯದೆ ಬಳಸಿ. ಮೊದಲು ಚೆನ್ನಾಗಿ ಕಲಿಸಿ ನೋಡಿ, ಮಗು ಹೇಗೆ ಸ್ಪಂದಿಸುತ್ತದೆಂದು ಬರೆದಿಡಿ, ಆಮೇಲೆ ಹೆಸರಿಡುವ ಮಾತು.

ನಾವು ವಿಶ್ವವಿದ್ಯಾಲಯಗಳನ್ನು ಕೇಳುತ್ತಿರುವುದು ದೊಡ್ಡ ಕಟ್ಟಡಗಳನ್ನಲ್ಲ. ಬಳ್ಳಾರಿಯಲ್ಲಿ 2010ರಿಂದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ, ರಾಯಚೂರಿನಲ್ಲಿ ವಿಶ್ವವಿದ್ಯಾಲಯವಿದೆ, ಕೊಪ್ಪಳಕ್ಕೂ 2023ರಲ್ಲಿ ವಿಶ್ವವಿದ್ಯಾಲಯ ಬಂದಿದೆ. ಮುನಿರಾಬಾದಿನಲ್ಲಿ ಮತ್ತು ಯರಮರಸಿನಲ್ಲಿ ಡಯಟ್‌ಗಳಿವೆ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು. ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿರುವುದರಿಂದ ಕಿವಿ, ಕಣ್ಣು, ಮಕ್ಕಳ ಬೆಳವಣಿಗೆಯ ತಜ್ಞರು ನಮ್ಮ ನಡುವೆಯೇ ಇದ್ದಾರೆ. ಇವರೆಲ್ಲರೂ ಸೇರಿ ಸೇವೆಯಲ್ಲಿರುವ ಶಿಕ್ಷಕರಿಗಾಗಿ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾವೊಂದನ್ನು ರೂಪಿಸಬಹುದು: ಬೇಸಿಗೆ ಮತ್ತು ದಸರಾ ರಜೆಗಳಲ್ಲಿ ಡಯಟ್‌ನಲ್ಲಿ ಪಾಠ, ವರ್ಷವಿಡೀ ಸ್ವಂತ ತರಗತಿಯಲ್ಲಿ ಕೆಲಸ, ತಿಂಗಳಿಗೊಮ್ಮೆ ಕ್ಲಸ್ಟರ್ ಮಟ್ಟದಲ್ಲಿ ಮಾರ್ಗದರ್ಶಕರೊಂದಿಗೆ ಒಂದು ಮಗುವಿನ ಪ್ರಕರಣದ ಚರ್ಚೆ, ಆಸ್ಪತ್ರೆಯ ತಪಾಸಣಾ ವಿಭಾಗದಲ್ಲಿ ಕೆಲವು ವಾರಗಳ ವೀಕ್ಷಣೆ, ಬಿ.ಐ.ಇ.ಆರ್.ಟಿ.ಯವರೊಂದಿಗೆ ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆಗೆ ಭೇಟಿ, ಕೊನೆಗೆ ಕನ್ನಡದಲ್ಲಿ ಬರೆದ ಪ್ರಬಂಧ. ಬ್ರೈಲ್ ಮತ್ತು ಸನ್ನೆ ಭಾಷೆಯ ಪ್ರಾಥಮಿಕ ಪರಿಚಯವೂ ಇರಲಿ. ವಿಕಲಚೇತನ ಶಿಕ್ಷಕರಿಗೆ ಇದರಲ್ಲಿ ಆದ್ಯತೆ ಸಿಗಲಿ. ತಮ್ಮ ಬಾಲ್ಯದಲ್ಲಿ ತರಗತಿಯ ತೊಡಕುಗಳನ್ನು ಸ್ವತಃ ದಾಟಿ ಬಂದವರು ಕಲಿಸುವಾಗ ಉಳಿದವರಿಗೆ ಕಾಣದ ಎಷ್ಟೋ ವಿಷಯಗಳು ಅವರಿಗೆ ಕಾಣುತ್ತವೆ.

ಇಲಾಖೆಯ ಕಡೆಯಿಂದ ಬೇಕಾದದ್ದು ಎರಡು ಸಂಗತಿಗಳು. ಈ ಅವಧಿಯನ್ನು ಸೇವೆಯೆಂದೇ ಎಣಿಸಬೇಕು, ಶಿಕ್ಷಕರು ಸಂಬಳ ಕಳೆದುಕೊಂಡು ಓದುವಂತಾಗಬಾರದು. ಹೆಣ್ಣುಮಕ್ಕಳಾದ ನಮ್ಮಲ್ಲಿ ಅನೇಕರು ಊರು ಬಿಟ್ಟು ಎರಡು ವರ್ಷ ಹೊರಗಿರಲಾಗದೆಯೇ ಓದಿನ ಆಸೆ ಕೈಬಿಟ್ಟಿದ್ದಾರೆ. ಮತ್ತು ಓದಿ ಬಂದವರಿಗೆ ವಾರದಲ್ಲಿ ಕೆಲವು ಪಿರಿಯಡ್‌ಗಳನ್ನು ಕಲಿಕಾ ನೆರವಿಗೆಂದೇ ವೇಳಾಪಟ್ಟಿಯಲ್ಲಿ ಬಿಟ್ಟುಕೊಡಬೇಕು. ಪದವಿ ಪಡೆದು ಬಂದ ಶಿಕ್ಷಕಿಗೆ ಮೊದಲಿನಷ್ಟೇ ಪಾಠ, ಮೊದಲಿನಷ್ಟೇ ದಾಖಲೆಗಳ ಕೆಲಸ ಇದ್ದರೆ ಆಕೆ ಕಲಿತದ್ದು ಆಕೆಯ ಸೇವಾ ಪುಸ್ತಕದಲ್ಲಿ ಒಂದು ಸಾಲಾಗಿ ಉಳಿಯುತ್ತದೆ. ನಮ್ಮ ತಾಲ್ಲೂಕಿನ ಕೆಲವು ಶಿಕ್ಷಕರು ಸೇರಿ ಈ ಬೇಡಿಕೆಗಳ ಕರಡೊಂದನ್ನು ಬರೆಯುತ್ತಿದ್ದೇವೆ. ಅದನ್ನು ಮೂರೂ ಜಿಲ್ಲೆಗಳ ವಿಶ್ವವಿದ್ಯಾಲಯಗಳಿಗೂ ಇಲಾಖೆಯ ಅಪರ ಆಯುಕ್ತರ ಕಚೇರಿಗೂ ಕೊಡುವ ಯೋಚನೆಯಿದೆ. ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಗಳ ಶಿಕ್ಷಕರು ತಮ್ಮ ಶಾಲೆಯಲ್ಲಿ ಯಾವ ಬಗೆಯ ನೆರವು ಬೇಕಾದ ಮಕ್ಕಳಿದ್ದಾರೆ, ಅವರಿಗೆ ಈಗ ಏನು ಸಿಗುತ್ತಿದೆ, ತಾವು ಓದಲು ಮುಂದಾದರೆ ಎದುರಾಗುವ ಅಡ್ಡಿ ಯಾವುದು ಎಂಬುದನ್ನು ಮಕ್ಕಳ ಹೆಸರಿಲ್ಲದೆ ಬರೆದು ಕಳುಹಿಸಿದರೆ, ದಸರಾ ರಜೆಗೆ ಮೊದಲು ಕರಡಿನಲ್ಲಿ ಅದನ್ನೂ ಸೇರಿಸುತ್ತೇವೆ.